ಸಿಂಧನೂರು ತಂಗಿಗೆ, ಹಡಗಿನ ವಿಷಯ

ತಂಗಿ, ಕೇಳಿಸ್ತಾ ಇದೆಯಾ? ಬೆರಳು ಜಾರಿ ಮೊದಲನೇ ವಾಯ್ಸ್ ಮೆಸೇಜು ಅರ್ಧಕ್ಕೇ ಹೋಯಿತು. ಅದನ್ನು ಬಿಡು, ಇದನ್ನು ಕೇಳು. ಗ್ರೂಪಲ್ಲಿ ಉಳಿದವರೂ ಕೇಳಿ, ಆಮೇಲೆ ಒಬ್ಬೊಬ್ಬರೇ ಫೋನ್ ಮಾಡಬೇಡಿ.

ಪುಟ್ಟಿಗೆ ಹಡಗಿನಲ್ಲಿ ಹದಿನೈದು ದಿನ ಚಿತ್ರ ಕಲಿಸೋಕೆ ಕರೆ ಬಂದಿದೆ, ಒಬ್ಬಳೇ ಹುಡುಗಿ, ನಡುನೀರಲ್ಲಿ ಏನಾದರೂ ಆದರೆ ಏನು ಗತಿ, ಕಳಿಸಲಾ ಬೇಡವಾ ಅಂತ ನೀನು ರಾತ್ರಿ ಹನ್ನೊಂದಕ್ಕೆ ಬರೆದಿದ್ದೀಯ. ಭಾವನವರಿಗೂ ನಿದ್ದೆ ಇಲ್ಲ ಅಂದೆ. ನೋಡು, ಮುಳುಗೋ ಚಿಂತೆ ಬಿಡು. 1912ರಲ್ಲಿ ಟೈಟಾನಿಕ್ ಮುಳುಗಿತಲ್ಲ, ಅದಾದ ಮೇಲೆ 1914ರಲ್ಲಿ ಹಲವು ದೇಶದವರು ಕೂತು ನಿಯಮ ಮಾಡಿಕೊಂಡರು. ಹಡಗು ಹತ್ತಿದ ಕೂಡಲೇ ಲೈಫ್ ಜಾಕೆಟ್ ಹೇಗೆ ಹಾಕಬೇಕು, ಸೈರನ್ ಆದರೆ ಎಲ್ಲಿ ಬಂದು ನಿಲ್ಲಬೇಕು, ಎಲ್ಲ ತೋರಿಸುತ್ತಾರೆ. ತಪ್ಪಿಸಿಕೊಂಡರೆ ರೂಮಿಗೇ ಹುಡುಕಿಕೊಂಡು ಬರುತ್ತಾರೆ. ಪುಟ್ಟಿ ಹಡಗಿನಲ್ಲಿ ಇರೋವಷ್ಟು ಹೊತ್ತು ನನಗೆ ಭಯ ಇಲ್ಲ. ಇಳಿದಳಲ್ಲ, ಆಗ ಭಯ.

ಅವಳಿಗೆ ಹೇಳು, ಇಳಿಯೋ ಮೊದಲು ಹಡಗಿನ ಗಡಿಯಾರ ನೋಡಬೇಕು. ಕೈಯಲ್ಲಿ ಕಟ್ಟಿದ್ದನ್ನು ನಂಬಬಾರದು.

ನನ್ನ ಕಥೆ ನಿಮಗೆಲ್ಲ ಗೊತ್ತು ಅಂದುಕೊಂಡಿದ್ದೀರಿ. ಮದುವೆ ಮನೆಯಲ್ಲಿ ಓಡಾಡೋದು ಅರ್ಧ ಸುಳ್ಳು. 2016ರಲ್ಲಿ, ಡ್ರಾಯಿಂಗ್ ಮಾಸ್ತರಿಕೆಯಿಂದ ರಿಟೈರ್ ಆದ ಮರು ವರ್ಷ, ನಾನು ಹೋಗಿದ್ದು. ಕಲಿಸೋ ಕೆಲಸ ಹಡಗು ಎಲ್ಲೂ ನಿಲ್ಲದ ದಿನ ಮಾತ್ರ. ಬೆಳಿಗ್ಗೆ ಹತ್ತಕ್ಕೆ ಒಂದು, ಮಧ್ಯಾಹ್ನ ಎರಡಕ್ಕೆ ಒಂದು, ಗಂಟೆ ಗಂಟೆ ಕ್ಲಾಸು. ಬಂದರು ಬಂದರೆ ಎಲ್ಲರೂ ಊರು ನೋಡೋಕೆ ಇಳಿಯುತ್ತಾರೆ, ಕುಂಚ ಹಿಡಿಯೋಕೆ ಯಾರಿರುತ್ತಾರೆ? ಕ್ಲಾಸಿಗೆ ಜಾಗ ಅಂದರೆ ಇಸ್ಪೀಟು ಆಡೋ ರೂಮು. ಬಂದವರೆಲ್ಲ ಎಪ್ಪತ್ತು ದಾಟಿದ ಮುದುಕ ಮುದುಕಿಯರು. ನಮ್ಮ ಕಿನ್ನಾಳ ಗೊಂಬೆಗಳ ಆನೆ, ಅಂಬಾರಿ ಗೀಚಿಕೊಟ್ಟು ಬಣ್ಣ ತುಂಬಿಸುತ್ತಿದ್ದೆ. ಹಡಗು ಅಲುಗಿದರೆ ನೀರಿನ ಲೋಟ ಜಾರುತ್ತದೆ. ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಇಡಬೇಕು, ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಟರ್ಪೆಂಟೈನ್ ಮುಟ್ಟೋ ಹಾಗಿಲ್ಲ, ಬೆಂಕಿಯ ಭಯ. ನೀರಲ್ಲಿ ಕಲಸೋ ಬಣ್ಣ ಅಷ್ಟೇ. ನಾನು ಬೆಪ್ಪನ ಹಾಗೆ ಹುಣಸೆ ಬೀಜದ ಪುಡಿ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ, ಅಂಟು ಮಾಡಿ ತೋರಿಸೋಣ ಅಂತ. ಏನೋ ಪುಡಿ ಅಂತ ನನ್ನನ್ನು ಬದಿಗೆ ನಿಲ್ಲಿಸಿ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಹುಣಸೆಹಣ್ಣಿಗೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಆ ಹೊತ್ತಿಗೆ ಬಾಯಿಗೆ ಬರಲೇ ಇಲ್ಲ.

ಹಾಂ, ಗಡಿಯಾರ. ರೋಮ್ ಹತ್ತಿರದ ಚಿವಿತಾವೆಕ್ಕಿಯಾ ಬಂದರಿನಿಂದ ಹೊರಟು, ನಡುವೆ ಒಂದು ದಿನ ಬರೀ ಸಮುದ್ರ, ಮರುದಿನ ಪಿರೇಯಸ್. ಅದು ಅಥೆನ್ಸಿನ ಬಂದರು. ಇಟಲಿಗಿಂತ ಗ್ರೀಸ್ ಒಂದು ಗಂಟೆ ಮುಂದೆ. ಹಿಂದಿನ ರಾತ್ರಿ ಹಾಸಿಗೆ ಮೇಲೆ ಚೀಟಿ ಇಟ್ಟಿದ್ದರು, ಮಲಗೋ ಮುಂಚೆ ಗಡಿಯಾರ ಒಂದು ಗಂಟೆ ಮುಂದಿಡಿ ಅಂತ. ನಾನು ಓದಲಿಲ್ಲ. ಕುಂಚ ತೊಳೆದು ಒರೆಸೋಕೆ ಕಾಗದ ಬೇಕಿತ್ತು, ಅದರಲ್ಲೇ ಒರೆಸಿದೆ. ಕೆಂಪು ಬಣ್ಣ. ಈಗಲೂ ಆ ಚೀಟಿ ನನ್ನ ಪೆಟ್ಟಿಗೆಯಲ್ಲಿದೆ. ಅಕ್ಷರದ ಮೇಲೆ ಮೂರು ಗೆರೆ ಎಳೆದಿದ್ದೇನೆ.

ಬೆಳಿಗ್ಗೆ ತಿಂಡಿಗೆ ಹೋದರೆ ಪಾತ್ರೆ ಎತ್ತುತ್ತಿದ್ದರು. ಇವತ್ತು ಇವರಿಗೇನು ಅವಸರ ಅಂತ ಬೈದುಕೊಂಡೆ. ಮೆಟ್ರೋ ಸ್ಟೇಷನ್ನಿನ ಗಡಿಯಾರ ನೋಡಿದೆ, ಒಂದು ಗಂಟೆ ಮುಂದಿತ್ತು. ಅದೇ ಕೆಟ್ಟಿದೆ ಅಂದುಕೊಂಡೆ. ಬೀಳ್ಕೊಡುಗೆಯಲ್ಲಿ ಕೊಟ್ಟ ಎಚ್‌ಎಂಟಿ ಅಲ್ವಾ ಕೈಯಲ್ಲಿದ್ದಿದ್ದು, ತಪ್ಪುತ್ತದಾ? ಫೋನು ಬಿಲ್ಲಿನ ಭಯಕ್ಕೆ ರೂಮಲ್ಲೇ ಆಫ್ ಆಗಿ ಬಿದ್ದಿತ್ತು.

ಅಲ್ಲಿ ಗುಡ್ಡದ ಬುಡದಲ್ಲಿ ಆಕ್ರೊಪೊಲಿಸ್ ಮ್ಯೂಸಿಯಂ ಇದೆ, 2009ರಲ್ಲಿ ತೆರೆದದ್ದು. ಒಳಗೆ ಕಲ್ಲಿನ ಹೆಣ್ಣುಮಕ್ಕಳು ನಿಂತಿದ್ದಾರೆ. ಎರಡೂವರೆ ಸಾವಿರ ವರ್ಷ ಹಿಂದಿನವು. ಬರೀ ಬಿಳಿ ಕಲ್ಲು ಅಂದುಕೊಂಡು ಹೋದೆ. ಹತ್ತಿರ ಬಗ್ಗಿ ನೋಡಿದರೆ ಬಟ್ಟೆಯ ಅಂಚಿನಲ್ಲಿ ಬಣ್ಣ! ಕೂದಲಲ್ಲಿ ಕೆಂಪು! ಅವರೂ ನಮ್ಮ ಹಾಗೆ ಮೂರ್ತಿಗೆ ಬಣ್ಣ ಬಳಿಯುತ್ತಿದ್ದರು. ಅಪ್ಪ ಗೌರಿ ಗೊಂಬೆಯ ಸೀರೆ ಅಂಚಿಗೆ ಉಸಿರು ಬಿಗಿಹಿಡಿದು ಗೆರೆ ಎಳೆಯೋದು ಕಣ್ಣ ಮುಂದೆ ಬಂತು. ಅಲ್ಲೇ ನಿಂತುಬಿಟ್ಟೆ.

ನಾನು ಬಂದರಿಗೆ ವಾಪಸ್ ಬಂದಾಗ ನನ್ನ ಎಚ್‌ಎಂಟಿಯಲ್ಲಿ ನಾಲ್ಕೂ ಹತ್ತು. ಹಡಗು ಐದಕ್ಕೆ. ಇನ್ನೂ ಹೊತ್ತಿದೆ ಅಂತ ಒಂದು ಜ್ಯೂಸ್ ಕುಡಿದೆ ತಂಗಿ, ಜ್ಯೂಸ್! ಗೇಟಿಗೆ ಬಂದರೆ ಹಡಗಿನ ಬೆನ್ನು ಕಾಣುತ್ತಿದೆ, ಹಿಂದೆ ನೀರು ಬೆಳ್ಳಗೆ ನೊರೆ ಎದ್ದಿದೆ. ಕೊಪ್ಪಳ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ರೈಟ್ ರೈಟ್ ಅಂದ ಮೇಲೂ ಯಾರಾದರೂ ಚೀಲ ಎತ್ತಿಕೊಂಡು ಓಡಿ ಬಂದರೆ ಬಸ್ಸು ನಿಲ್ಲುತ್ತದೆ. ನಾನೂ ಕೈ ಎತ್ತಿದೆ. ಹಡಗಿಗೆ ಕೈ ಎತ್ತಿದೆ!

ಅಲ್ಲಿ ಹಡಗಿನ ಪರವಾಗಿ ಒಬ್ಬ ಏಜೆಂಟ್ ನಿಂತಿದ್ದ, ಕೈಯಲ್ಲಿ ಲಕೋಟೆ, ಒಳಗೆ ನನ್ನ ಪಾಸ್‌ಪೋರ್ಟ್. ಇಳಿಯುವಾಗ ಕಾರ್ಡ್ ತೋರಿಸಿದ್ದೆ, ಹತ್ತುವಾಗ ತೋರಿಸಿಲ್ಲ, ಅದರಿಂದಲೇ ಒಬ್ಬ ಕಡಿಮೆ ಅಂತ ಗೊತ್ತಾಗಿ ರೂಮಿಂದ ತೆಗೆದು ಕೊಟ್ಟು ಹೋಗಿದ್ದರು. ರಾತ್ರಿ ಫೆರಿ ಹಿಡಿದು ಕ್ರೀಟ್ ದ್ವೀಪಕ್ಕೆ ಹೋದೆ, ಅಲ್ಲಿ ಹಡಗು ಸಿಕ್ಕಿತು. ಟಿಕೆಟ್ಟು ನನ್ನ ದುಡ್ಡಿನದೇ. ನಿಮ್ಮ ವೈನಿ ಬನಿಯನ್ ಒಳಗೆ ಹೊಲಿದಿದ್ದ ಜೇಬಿನಲ್ಲಿ ಯೂರೋ ಇತ್ತು, ಅದೇ ಕಾಪಾಡಿದ್ದು. ಬಯಲಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ರಾತ್ರಿ ಕಳೆದೆ. ಗಾಳಿಗೆ ಕಿವಿ ಮುಚ್ಚಿಹೋದವು.

ಅದಕ್ಕೇ ಮತ್ತೆ ಹೇಳುತ್ತೇನೆ, ಹಡಗಿನ ಗಡಿಯಾರ ನೋಡಿ ಇಳಿಯಬೇಕು. ಹಡಗಿನದು!

ಆದರೆ ನಮ್ಮವರು? ಬಂದು ಒಂದು ವಾರ ಆಗಿರಲಿಲ್ಲ, ಕುಷ್ಟಗಿ ಮದುವೆಯಲ್ಲಿ ನನ್ನನ್ನು ಪರಿಚಯ ಮಾಡಿಕೊಟ್ಟಿದ್ದು ಹೇಗೆ? ಇವರೇ ಹಡಗು ತಪ್ಪಿಸಿಕೊಂಡ ಕಾಕಾ ಅಂತ. ಇನ್ನೊಬ್ಬ, ಹೆಸರು ಬೇಡ, ಈ ಗ್ರೂಪಲ್ಲೇ ಇದ್ದಾನೆ, ಪುಕ್ಕಟೆ ತಿರುಗಿ ಬಂದ ಅಂದ. ಪುಕ್ಕಟೆಯಾ? ಸಂಬಳ ಒಂದು ರೂಪಾಯಿ ಇಲ್ಲ, ರೂಮು ಊಟ ಅಷ್ಟೇ. ಕರೆದುಕೊಂಡು ಹೋದ ಏಜೆನ್ಸಿಯವರು ದಿನಕ್ಕಿಷ್ಟು ಅಂತ ನನ್ನಿಂದಲೇ ವಸೂಲಿ ಮಾಡಿದರು. ಕಿಟಕಿ ಇಲ್ಲದ ರೂಮು, ಗೊರಕೆ ಹೊಡೆಯೋ ಇಸ್ಪೀಟು ಮಾಸ್ತರ ಜೊತೆ. ನಾಟಕಕ್ಕೆ ಹೋದರೆ ಪ್ರಯಾಣಿಕರು ಕೂತ ಮೇಲೆ ಉಳಿದ ಕುರ್ಚಿ ನಮಗೆ. ಮನೆ ಅಳಿಯನ ಸ್ಥಿತಿ. ಅತಿಥಿ ಅಂತ ಹೆಸರು, ಮರ್ಯಾದೆ ಅಳತೆ ಮಾಡಿ.

ಆದರೂ ಆ ಮುದುಕಿಯರು ಕ್ಲಾಸಿಗೆ ಹದಿನೈದು ನಿಮಿಷ ಮುಂಚೆ ಬಂದು ಸಾಲು ನಿಲ್ಲುತ್ತಿದ್ದರು. ನಮ್ಮ ಮನೆ ಮಕ್ಕಳಿಗೆ ಭಾನುವಾರ ದುಡ್ಡಿಲ್ಲದೆ ಕಲಿಸುತ್ತೇನೆ ಅಂದೆ. ಎಷ್ಟು ಜನ ಬಂದರು? ಕಿನ್ನಾಳದ ಗೊಂಬೆಗೆ ಜಿಐ, ಅಂದರೆ ಇದು ಈ ಊರಿನದೇ ಅನ್ನೋ ಸರ್ಕಾರದ ಗುರುತು, ಸಿಕ್ಕಿತು, ಪೇಪರಿನ ಫೋಟೋ ಎಲ್ಲರೂ ಕಳಿಸಿದಿರಿ. ಕುಂಚ ಹಿಡಿದವಳು ಪುಟ್ಟಿ ಒಬ್ಬಳೇ. ಸಿಂಧನೂರಿಂದ ಬಸ್ಸಲ್ಲಿ ಬರುತ್ತಿದ್ದಳು ಪಾಪ, ಕೊಪ್ಪಳದಲ್ಲೇ ಇರೋರಿಗೆ ಬಿಸಿಲು ಜಾಸ್ತಿ.

ಇರಲಿ. ಏನು ಕೇಳಿದ್ದೆ ನೀನು? ಹಾಂ, ಕಳಿಸಲಾ ಅಂತ. ಕಳಿಸು. ಆದರೆ ವೀಸಾ ಇವತ್ತೇ ಶುರು ಮಾಡಿಸು. ಇಟಲಿ, ಗ್ರೀಸ್ ಎಲ್ಲಕ್ಕೂ ಒಂದೇ ಆಗೋ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಕೊನೆಗೆ ಹದಿನೈದು ದಿನವಾದರೂ ಇರಬೇಕು. ಮಲ್ಟಿಪಲ್ ಎಂಟ್ರಿನೇ ಕೇಳಲಿ. ನಡುವೆ ಟರ್ಕಿಗೆ ಹೋಗಿ ಮತ್ತೆ ಗ್ರೀಸಿಗೆ ಬಂದರೆ ಸಿಂಗಲ್ ಎಂಟ್ರಿ ಸಾಲದು. ವಿಮಾನದ ಟಿಕೆಟ್ಟು ಯಾರದು ಅಂತ ಬರವಣಿಗೆಯಲ್ಲಿ ತಗೊಳ್ಳಲಿ. ರೂಮಿಗೆ ಬರೋ ದಿನದ ಹಾಳೆಯಲ್ಲಿ ಹಡಗು ಹತ್ತೋ ಕೊನೇ ಹೊತ್ತು, ಬಂದರಿನ ಏಜೆಂಟ್ ನಂಬರು ಇರುತ್ತದೆ, ಅದರ ಫೋಟೋ ತೆಗೆದುಕೊಂಡೇ ಇಳಿಯಲಿ. ವಾಕರಿಕೆಗೆ ಮಾತ್ರೆ ಡಾಕ್ಟರ್ ಹತ್ತಿರ ಬರೆಸಿಕೊಳ್ಳಲಿ. ಕಟಕ ರೊಟ್ಟಿ, ಶೇಂಗಾ ಪುಡಿ ಕಟ್ಟಿಕೊಡು, ದಡಕ್ಕೆ ಮಾತ್ರ ಇಳಿಸಬಾರದು.

ಹೋಗೋ ಮೊದಲು ಒಂದು ಭಾನುವಾರ ಕೊಪ್ಪಳಕ್ಕೆ ಬರಲಿ. ಅಪ್ಪನ ಸಣ್ಣ ಕುಂಚ ಎರಡು ಇವೆ, ಕೊಡುತ್ತೇನೆ. ಆ ಜೇಬು ಹೊಲಿಯೋಕೆ ನಿಮ್ಮ ವೈನಿಗೆ ಅಳತೆಯೂ ಬೇಕಂತೆ.