121 ಸ್ಟ್ರೈಕ್‌ಔಟ್ ಮಾಡಿದ ಪಿಚರ್ ಎಂಟು ಪಂದ್ಯ ಸೋತದ್ದು ಹೇಗೆ?

ಪ್ರಶ್ನೆ

ಅಮೆರಿಕದ ಮೈನರ್ ಲೀಗ್ (ಮೇಜರ್ ಲೀಗ್‌ಗಿಂತ ಕೆಳಗಿನ ಹಂತದ) ಬೇಸ್‌ಬಾಲಿನ ಹಳೆಯ ಅಂಕಿಅಂಶಗಳನ್ನು ನೋಡುತ್ತಿದ್ದಾಗ ಸ್ಟೀವ್ ಡಾಲ್ಕೋವ್‌ಸ್ಕಿ ಎಂಬ ಎಡಗೈ ಪಿಚರ್‌ರ (ಚೆಂಡು ಎಸೆಯುವವರ) ಮೊದಲ ವರ್ಷದ ಸಾಲು ಕಣ್ಣಿಗೆ ಬಿತ್ತು. 1957ರಲ್ಲಿ ಟೆನೆಸಿಯ ಕಿಂಗ್ಸ್‌ಪೋರ್ಟ್ ತಂಡದ ಪರವಾಗಿ 62 ಇನ್ನಿಂಗ್ಸ್ ಎಸೆದು 121 ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡುವುದು) ಮಾಡಿದ್ದಾರೆ, ಹೊಡೆಸಿಕೊಂಡ ಹಿಟ್‌ಗಳು ಕೇವಲ 22. ಆದರೆ ಗೆಲುವು ಒಂದು, ಸೋಲು ಎಂಟು. ಬ್ಯಾಟಿಗೆ ಚೆಂಡೇ ಸಿಗದ ಹಾಗೆ ಎಸೆದವರು ಸೋಲುವುದು ಹೇಗೆಂದು ಕ್ರಿಕೆಟ್ ನೋಡಿ ಬೆಳೆದ ನನಗೆ ಹೊಳೆಯುತ್ತಿಲ್ಲ. ಅವರ ತಂಡದ ಬ್ಯಾಟಿಂಗ್ ಅಷ್ಟು ದುರ್ಬಲವಾಗಿತ್ತೆ?

ಉತ್ತರ 1

ಅದೇ ಸಾಲಿನ ಇನ್ನೆರಡು ಅಂಕಿಗಳನ್ನು ನೀವು ಗಮನಿಸಿದಂತಿಲ್ಲ: 129 ವಾಕ್, 39 ವೈಲ್ಡ್ ಪಿಚ್. ಕ್ರಿಕೆಟ್ಟಿನಲ್ಲಿ ವೈಡ್ ಎಸೆದರೆ ಒಂದು ಓಟ ಹೋಗಿ ಅಲ್ಲಿಗೆ ಮುಗಿಯಿತು. ಬೇಸ್‌ಬಾಲಿನಲ್ಲಿ ಬ್ಯಾಟರ್ ಬೀಸದೆ ಬಿಟ್ಟ ನಾಲ್ಕು ಚೆಂಡುಗಳು ಗುರಿ ತಪ್ಪಿದ್ದರೆ ಅವನು ಕೈಯಾಡಿಸದೆಯೇ ಮೊದಲ ಬೇಸ್‌ಗೆ ನಡೆದುಹೋಗುತ್ತಾನೆ, ಇದೇ ವಾಕ್. ಮುಂದಿನ ಚೆಂಡು ವೈಲ್ಡ್ ಪಿಚ್ ಆಗಿ ಕ್ಯಾಚರ್‌ನ ತಲೆಯ ಮೇಲೆ ಹಾರಿ ಹಿಂದಿನ ಜಾಲರಿಗೆ ಬಡಿದರೆ ಅವನು ಎರಡನೆಯ ಬೇಸ್‌ಗೆ ಓಡುತ್ತಾನೆ, ಮತ್ತೊಂದು ಹಾಗೆಯೇ ಹೋದರೆ ಮೂರನೆಯದಕ್ಕೆ, ಇನ್ನೊಂದಕ್ಕೆ ಹೋಮ್ ಪ್ಲೇಟಿಗೆ, ಎಂದರೆ ಹೊರಟ ಜಾಗಕ್ಕೆ. ಒಂದೂ ಹಿಟ್ ಇಲ್ಲದೆ ಎದುರಾಳಿಗೆ ಓಟ ಸಿಕ್ಕಿತು! ಆ ವರ್ಷ ಅವರ ಇಆರ್‌ಎ, ಎಂದರೆ ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್‌ನ ಲೆಕ್ಕಕ್ಕೆ ಬಂದ ಓಟಗಳ ಸರಾಸರಿ, 8.13 ಆಗಿತ್ತು.

ಆಗಸ್ಟ್ 31ರ ಪಂದ್ಯವೊಂದನ್ನೇ ನೋಡಿ. ಅವರು 24 ಸ್ಟ್ರೈಕ್‌ಔಟ್ ಮಾಡಿದರು, ಜೊತೆಗೆ 18 ಜನರಿಗೆ ವಾಕ್ ಕೊಟ್ಟರು. ಪಂದ್ಯ 8–4ರಿಂದ ಕೈತಪ್ಪಿತು. ಸಹ ಆಟಗಾರರ ಬ್ಯಾಟಿಂಗನ್ನು ದೂರಲು ಇಲ್ಲಿ ನನಗಂತೂ ಮನಸ್ಸಾಗುವುದಿಲ್ಲ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ, ಆದರೆ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕನೆಕ್ಟಿಕಟ್‌ನ ನ್ಯೂ ಬ್ರಿಟನ್ ಊರಿನ ಈ ಕನ್ನಡಕದ ಹುಡುಗ ಮೇಜರ್ ಲೀಗ್ ತಂಡವಾದ ಬಾಲ್ಟಿಮೋರ್ ಓರಿಯೋಲ್ಸ್ ಕೊಟ್ಟ 4,000 ಡಾಲರ್ ಬೋನಸ್ಸಿಗೆ ಸಹಿ ಹಾಕಿ ಹೈಸ್ಕೂಲಿನಿಂದ ನೇರವಾಗಿ ಕಿಂಗ್ಸ್‌ಪೋರ್ಟಿಗೆ ಬಂದಾಗ ಅವರಿಗೆ 18 ವರ್ಷ. ಅಲ್ಲಿ ಅವರ ಚೆಂಡೊಂದು ಬ್ಯಾಟರ್ ಒಬ್ಬರ ತಲೆಗೆ ಬಡಿಯಿತು. ಅಂಥ ವೇಗದ ಚೆಂಡು ಎತ್ತ ಹೋಗುವುದೋ ಎಸೆದವರಿಗೇ ತಿಳಿಯದಿದ್ದರೆ ಎದುರಿಗೆ ನಿಂತವರ ಪಾಡೇನು?

1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ತಂಡದಲ್ಲಿ ಅವರು 170 ಇನ್ನಿಂಗ್ಸ್‌ನಲ್ಲಿ 262 ಸ್ಟ್ರೈಕ್‌ಔಟ್ ಮಾಡಿದರು, 262 ವಾಕ್ ಕೊಟ್ಟರು. ಜಮಾ-ಖರ್ಚು ಸರಿಹೋದ ಖಾತೆಯಂತೆ! ಹೊಸ ಹೊಸ ತರಬೇತುದಾರರು ಹೊಸ ಹೊಸ ಉಪಾಯ ಹೇಳಿ ಅವರ ತಲೆಯನ್ನು ಇನ್ನಷ್ಟು ಗೋಜಲು ಮಾಡಿದರು ಎಂಬುದು ನನ್ನ ಅಭಿಪ್ರಾಯ. 1962ರಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ತಂಡದ ಮ್ಯಾನೇಜರ್ ಆಗಿದ್ದ ಅರ್ಲ್ ವೀವರ್ ಹೇಳುವುದನ್ನು ಕಡಿಮೆ ಮಾಡಿದರು: ಹೋಮ್ ಪ್ಲೇಟಿನ ನಡುವಿಗೆ ಎಸೆ, ಎರಡು ಸ್ಟ್ರೈಕ್ ಬಿದ್ದ ಮೇಲೆ ಮಾತ್ರ ಪೂರ್ತಿ ಬಲ ಹಾಕು. ಆ ವರ್ಷ 160 ಇನ್ನಿಂಗ್ಸ್‌ಗೆ 192 ಸ್ಟ್ರೈಕ್‌ಔಟ್, 114 ವಾಕ್, ಇಆರ್‌ಎ 3.04.

ಉತ್ತರ 3

ಗಂಟೆಗೆ 110 ಮೈಲಿ ವೇಗ, ಅಂಪೈರ್‌ನ ಮುಖಕವಚ ಒಡೆದ ಚೆಂಡು ಮುಂತಾದ ಕಥೆಗಳೂ ನಿಮಗೆ ಸಿಗುತ್ತವೆ. ಅವುಗಳನ್ನು ಉಪ್ಪು-ಖಾರ ಕಳೆದು ಓದುವುದು ಒಳ್ಳೆಯದು. 1958ರಲ್ಲಿ ಅಮೆರಿಕದ ಅಬರ್ಡೀನ್‌ನ ಸೇನಾ ಪರೀಕ್ಷಾ ಕೇಂದ್ರದಲ್ಲಿ ಅಳೆದಾಗ ದಾಖಲಾದ ವೇಗ ಗಂಟೆಗೆ 93.5 ಮೈಲಿ, ಅಂದರೆ ಸುಮಾರು 150 ಕಿಲೋಮೀಟರ್. ಹಿಂದಿನ ದಿನ ಪಂದ್ಯ ಎಸೆದಿದ್ದ ಕೈ ಅದು, ಎಸೆದದ್ದೂ ಪಿಚರ್ ನಿಲ್ಲುವ ದಿಬ್ಬದಿಂದಲ್ಲ, ಸಮನೆಲದಿಂದ. ಅಲ್ಲೂ ಅಳೆಯುವ ಯಂತ್ರದ ಕಿರಣದೊಳಗೆ ಚೆಂಡನ್ನು ತೂರಿಸುವುದಕ್ಕೇ ಅವರಿಗೆ ಬಹಳ ಹೊತ್ತು ಹಿಡಿಯಿತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು, ವಾಕ್‌ನ ಅಂಕಣವನ್ನು ನಾನು ನೋಡಿಯೇ ಇರಲಿಲ್ಲ. 1962ರಲ್ಲಿ ಅಷ್ಟು ಸುಧಾರಿಸಿದ್ದರೂ ಮೇಜರ್ ಲೀಗ್‌ನಲ್ಲಿ ಅವರ ಹೆಸರೇ ಕಾಣುವುದಿಲ್ಲವಲ್ಲ?

ಉತ್ತರ 2

1963ರ ಮಾರ್ಚ್‌ನಲ್ಲಿ ಓರಿಯೋಲ್ಸ್ ಅವರನ್ನು ಮುಖ್ಯ ತಂಡಕ್ಕೆ ಸೇರಿಸಿಕೊಳ್ಳುವುದು ಬಹುತೇಕ ಖಚಿತವಾಗಿತ್ತು, ಸಮವಸ್ತ್ರಕ್ಕೆ ಅಳತೆಯನ್ನೂ ತೆಗೆದುಕೊಂಡಿದ್ದರು. ಅಷ್ಟರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ ಎಡ ಮೊಣಕೈಗೆ ಪೆಟ್ಟಾಯಿತು. ಆಮೇಲೂ ಕೆಲವು ವರ್ಷ ಮೈನರ್ ಲೀಗ್‌ನಲ್ಲಿ ಎಸೆದರು, ಆದರೆ ಆ ವೇಗ ಮರಳಲಿಲ್ಲ.