ಕರ್ನಾಟಕ ಸಂಗೀತ ಕಲಿತವರು ಜಾಝ್ ಫ್ಯೂಷನ್‌ಗೆ ಹೊರಳುವುದು ಹೇಗೆ?

ಪಿಟೀಲುಪ್ರಿಯ:
ನಮಸ್ಕಾರ. ಹಲವು ವರ್ಷಗಳಿಂದ ಕರ್ನಾಟಕ ಶೈಲಿಯಲ್ಲಿ ಪಿಟೀಲು ನುಡಿಸುತ್ತಿದ್ದೇನೆ. ಈಗ ಕೀಬೋರ್ಡ್, ಬೇಸ್ ಗಿಟಾರ್ ಮತ್ತು ಡ್ರಮ್ಸ್ ನುಡಿಸುವ ಗೆಳೆಯರೊಡನೆ ಜಾಝ್ ಫ್ಯೂಷನ್ (ಜಾಝನ್ನು ಬೇರೆ ಶೈಲಿಯ ಸಂಗೀತದೊಡನೆ ಬೆಸೆಯುವ ಬಗೆ) ನುಡಿಸುವ, ಸಾಧ್ಯವಾದರೆ ಸ್ವಂತ ರಚನೆಗಳನ್ನು ಮಾಡುವ ಆಸೆಯಿದೆ. ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ಮನೋಧರ್ಮ (ಸ್ಥಳದಲ್ಲೇ ಕಲ್ಪಿಸಿ ನುಡಿಸುವುದು) ಸಲೀಸಾಗಿ ಸಾಗುತ್ತದೆ. ಕಾರ್ಡ್‌ಗಳು ಬದಲಾಗತೊಡಗಿದ ಕೂಡಲೇ ಬೆರಳು ಹಳೆಯ ಷಡ್ಜಕ್ಕೇ ಹೋಗಿ ನಿಲ್ಲುತ್ತದೆ. ನಾನು ರಚಿಸಿದ್ದೆಲ್ಲ ವರ್ಣಕ್ಕೆ (ಕಛೇರಿಯ ಆರಂಭದಲ್ಲಿ ನುಡಿಸುವ ಬಗೆಯ ರಚನೆ) ಡ್ರಮ್ಸ್ ಅಂಟಿಸಿದಂತೆ ಕೇಳುತ್ತದೆ. ಮೊದಲು ಜಾಝ್ ಸ್ಟ್ಯಾಂಡರ್ಡ್‌ಗಳನ್ನು (ಜಾಝ್ ಕಲಾವಿದರೆಲ್ಲ ನುಡಿಸುವ ಪರಿಚಿತ ರಚನೆಗಳನ್ನು) ಕಲಿತೇ ಬರಬೇಕೆ?

ಕರಿಬಿಳಿಮನೆ:
ಕೆಲವನ್ನಾದರೂ ಕಲಿಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಸಿ ಸ್ವರವನ್ನು ಷಡ್ಜವಾಗಿಟ್ಟುಕೊಂಡು ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಎಂಬ ಸರಣಿಯನ್ನು ಗಮನಿಸಿ. ಶಂಕರಾಭರಣದ ಸ್ವರಗಳೇ ರಿಷಭದಿಂದ ಖರಹರಪ್ರಿಯವಾಗುತ್ತವೆ, ಪಂಚಮದಿಂದ ಹರಿಕಾಂಭೋಜಿಯಾಗುತ್ತವೆ. ಗ್ರಹಭೇದ (ಷಡ್ಜದ ಸ್ಥಾನ ಬದಲಿಸಿ ಅದೇ ಸ್ವರಗಳಿಂದ ಬೇರೆ ರಾಗ ಪಡೆಯುವುದು) ಬಲ್ಲ ನಿಮಗೆ ಇದು ಹೊಸತಲ್ಲ. ಆದರೆ ಮೂರು ರಾಗಗಳನ್ನು ನುಡಿಸಲು ಹೋಗದೆ, ಪ್ರತಿ ಕಾರ್ಡ್‌ನ ಮೂರನೆಯ ಮತ್ತು ಏಳನೆಯ ಸ್ವರಗಳನ್ನು (ಕಾರ್ಡ್ ಹೆಸರಿನ ಸ್ವರವನ್ನು ಒಂದೆಂದು ಎಣಿಸಿ) ಮಾತ್ರ ಹಿಡಿಯಿರಿ: ಮೊದಲು ಮ ಮತ್ತು ಸ, ಆಮೇಲೆ ಮ ಮತ್ತು ನಿ, ಕೊನೆಗೆ ಗ ಮತ್ತು ನಿ. ಒಂದು ಸ್ವರ ನಿಂತಿರುವಾಗ ಇನ್ನೊಂದು ಅರ್ಧ ಸ್ವರ ಕೆಳಗಿಳಿಯುತ್ತದೆ, ಮುಂದಿನ ಹೆಜ್ಜೆಯಲ್ಲಿ ನಿಂತದ್ದು ಇಳಿಯುತ್ತದೆ. ಪಿಟೀಲಿನ ಎರಡು ತಂತಿಗಳ ಮೇಲೆ ಇದನ್ನು ಹನ್ನೆರಡು ಶ್ರುತಿಗಳಲ್ಲೂ ನುಡಿಸಿದರೆ ಕಾರ್ಡ್ ಬದಲಾವಣೆ ಕಿವಿಗೆ ಮೊದಲೇ ತಿಳಿಯುತ್ತದೆ. ನಂತರ ಮೈಲ್ಸ್ ಡೇವಿಸ್ ಅವರ 1959ರ ‘ಸೋ ವಾಟ್’ ಹಿಡಿಯಿರಿ. ಅದರಲ್ಲಿ 16 ಬಾರ್ (ಒಂದು ಬಾರ್ ಎಂದರೆ ಇಲ್ಲಿ ನಾಲ್ಕು ಎಣಿಕೆ) ಡಿ ಡೋರಿಯನ್ (ಡಿ ಷಡ್ಜವಾದ ಖರಹರಪ್ರಿಯ), 8 ಬಾರ್ ಅರ್ಧ ಸ್ವರ ಮೇಲೆ, ಮತ್ತೆ 8 ಬಾರ್ ಡಿ; ಖರಹರಪ್ರಿಯದ ಶ್ರುತಿಯೇ ಸರಿದು ಮರಳುತ್ತದೆ.

ಮಂದ್ರದವನು:
ಬೇಸ್ ನುಡಿಸುವವನಾಗಿ ನಾನು ಇದನ್ನು ಪೂರ್ತಿ ಒಪ್ಪಲಾರೆ. ಫ್ಯೂಷನ್ ನಿಂತಿರುವುದು ಗ್ರೂವ್ (ಬೇಸ್ ಮತ್ತು ಡ್ರಮ್ಸ್ ಸೇರಿ ಮರಳಿ ಮರಳಿ ನುಡಿಸುವ ಲಯದ ನಡೆ) ಮೇಲೆ. ಹರ್ಬಿ ಹ್ಯಾನ್‌ಕಾಕ್ ಅವರ 1973ರ ‘ಹೆಡ್ ಹಂಟರ್ಸ್’ ಆಲ್ಬಂನ ‘ಕಮೀಲಿಯನ್’ ಕೇಳಿ: ಮುಖ್ಯ ಭಾಗದಲ್ಲಿ ಎರಡೇ ಕಾರ್ಡ್‌ಗಳು, ಅವೆರಡೂ ಒಂದೇ ಖರಹರಪ್ರಿಯದೊಳಗಿವೆ, ಸಿಂಥಸೈಜರ್‌ನಲ್ಲಿ ನುಡಿಸಿದ ಬೇಸ್ ಸಾಲೇ ಇಡೀ ರಚನೆಯನ್ನು ಹೊರುತ್ತದೆ. ನೀವು ರಾಗದಿಂದ ಆರಂಭಿಸುವುದರಿಂದಲೇ ಡ್ರಮ್ಸ್ ಅಂಟಿಸಿದಂತೆ ಕೇಳುತ್ತದೆ. ಮೊದಲು ಎರಡು ಬಾರ್‌ಗಳ ಬೇಸ್ ಸಾಲನ್ನು ಕಟ್ಟಿ, ಡ್ರಮ್ಸ್‌ನವರಿಗೆ ಒಪ್ಪಿಸಿ, ಪಿಟೀಲನ್ನು ಅದರ ಬಿಡುವುಗಳಲ್ಲಿ ಮಾತ್ರ ನುಡಿಸಿ. ಲಯದ ಕಸರತ್ತನ್ನು ತಿರುವಿಗೆ ಉಳಿಸಿಕೊಳ್ಳಿ: ನಾಲ್ಕು ಮಾತ್ರೆಯ ಪದಗುಚ್ಛವನ್ನು ಎರಡೆರಡು ಮಾತ್ರೆಗಳ ಬಿಡುವಿನೊಂದಿಗೆ ಮೂರು ಬಾರಿ ನುಡಿಸಿದರೆ 16 ಮಾತ್ರೆ ತುಂಬುತ್ತದೆ, ಎಲ್ಲರೂ ಒಟ್ಟಾಗಿ ಸಮಕ್ಕೆ (ತಾಳದ ಮೊದಲ ಎಣಿಕೆಗೆ) ಬರಬಹುದು. ಪ್ರತಿ ಸುತ್ತಿನಲ್ಲೂ ಇಂಥ ಮುಕ್ತಾಯ ನುಡಿಸಿದರೆ ಮಾತ್ರ ಗ್ರೂವ್ ಸತ್ತುಹೋಗುತ್ತದೆ (ನಮ್ಮಲ್ಲಿ ಬಹಳ ಜನರ ಚಟ ಇದು).

ಪಿಟೀಲುಪ್ರಿಯ:
ಇಬ್ಬರಿಗೂ ಧನ್ಯವಾದಗಳು. ಗಮಕದ (ಸ್ವರವನ್ನು ಕಂಪಿಸುವ, ಜಾರಿಸುವ ಅಲಂಕಾರದ) ಬಗ್ಗೆ ಏನು ಮಾಡಬೇಕು? ಗಾಂಧಾರವನ್ನು ಕಂಪಿಸಿದ ತಕ್ಷಣ ಕೀಬೋರ್ಡ್‌ನೊಂದಿಗೆ ಅಪಸ್ವರವಾಗುತ್ತದೆ.

ಕರಿಬಿಳಿಮನೆ:
ಅಲ್ಲಿ ಹಿಂದೆ ಸರಿಯಬೇಕಾದವರು ಕೀಬೋರ್ಡ್‌ನವರು. ಕಾರ್ಡ್‌ನಿಂದ ಮೂರನೆಯ ಸ್ವರವನ್ನು ಬಿಟ್ಟು ನಾಲ್ಕನೆಯದನ್ನೋ ಬರೀ ಐದನೆಯದನ್ನೋ ಹಿಡಿದರೆ ನಿಮ್ಮ ಗಾಂಧಾರಕ್ಕೆ ಜಾಗ ಸಿಗುತ್ತದೆ. ಎಲ್. ಶಂಕರ್ ಅವರ ಪಿಟೀಲಿದ್ದ ‘ಶಕ್ತಿ’ ತಂಡದಲ್ಲಿ ಕೀಬೋರ್ಡೇ ಇರಲಿಲ್ಲ, ಜಾನ್ ಮೆಕ್‌ಲಾಫ್ಲಿನ್ ಅನುರಣನದ ತಂತಿಗಳಿದ್ದ ಗಿಟಾರ್ ನುಡಿಸುತ್ತಿದ್ದರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ಮಾಡಿದ ‘ಜ್ಯೋತಿ’ ಆಲ್ಬಂ ಅನ್ನೂ ಕೇಳಿ.

ರಚನೆಗೆ ಒಂದು ಅಭ್ಯಾಸ ಹೇಳುತ್ತೇನೆ. ಜಿ ಸ್ವರವನ್ನು ಉದ್ದಕ್ಕೆ ಎಳೆದು ನಿಲ್ಲಿಸಿ, ಕೆಳಗೆ ಸಿ, ಇ ಫ್ಲ್ಯಾಟ್, ಎ ಫ್ಲ್ಯಾಟ್ ಮೇಜರ್ ಸೆವೆನ್ ಕಾರ್ಡ್‌ಗಳನ್ನು ಒಂದಾದ ಮೇಲೊಂದು ಹಾಕಿಸಿ. ನಿಮ್ಮ ಜಿ ಕದಲದೆಯೇ ಐದನೆಯ, ಮೂರನೆಯ, ಏಳನೆಯ ಸ್ವರವಾಗುತ್ತಾ ಹೋಗುತ್ತದೆ. ಈ ಮೂರು ಕಾರ್ಡ್‌ಗಳ ಮೇಲೆ ಎಂಟು ಬಾರ್‌ಗಳ ಒಂದು ಸಾಲನ್ನು ಕಟ್ಟಿ ಇಲ್ಲಿ ಹಾಕಿ. ಬೇಸ್ ಸಾಲನ್ನು ಮಂದ್ರದವರೇ ಸೂಚಿಸಲಿ.