ಸಹಾಯ ಬೇಕು: ಡೊಂಬಿವಲಿ ಸ್ಟೇಷನ್ನಿನ ಹಳೇ ಫೋಟೊ ಯಾರ ಹತ್ರ ಇದೆ?

ನಮಸ್ಕಾರ. ಇಲ್ಲಿನ ನಮ್ಮ ಕನ್ನಡ ಸಂಘದ ಸಂಚಿಕೆಗೆ ಮುಂಬಯಿ ಹತ್ತಿರದ ನಮ್ಮೂರು ಡೊಂಬಿವಲಿಯ ಸ್ಟೇಷನ್ ಬಗ್ಗೆ ಬರೆಯುತ್ತಿದ್ದೇನೆ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು ಎಲ್ಲರಿಗೂ ಗೊತ್ತು, ಅಲ್ವಾ? ಮರುವರ್ಷವೇ ಹಳಿ ನಮ್ಮೂರನ್ನು ದಾಟಿ ಕಲ್ಯಾಣ ಮುಟ್ಟಿತು. 1916ರಲ್ಲಿ ಠಾಣೆ-ಕಲ್ಯಾಣ ನಡುವಿನ ಗುಡ್ಡದಲ್ಲಿ ಪಾರ್ಸಿಕ್ ರೈಲು ಸುರಂಗ ಬಂತು. ಇದೆಲ್ಲ ಪುಸ್ತಕದಲ್ಲೇ ಸಿಗುತ್ತದೆ. ನನಗೆ ಬೇಕಿರುವುದು ಮನೆಯ ಟ್ರಂಕುಗಳಲ್ಲಿ ಉಳಿದಿರುವುದು.

ನಮ್ಮಜ್ಜನ ಟ್ರಂಕಿನಲ್ಲಿ ಒಂದು ರಟ್ಟಿನ ಟಿಕೆಟ್ ಸಿಕ್ಕಿತು. ಅಂಚಿನಲ್ಲಿ ಟಿಸಿ ಹೊಡೆದ ತೂತು, ಹಿಂದೆ ಪೆನ್ಸಿಲಿನಲ್ಲಿ ತರಕಾರಿ ಲೆಕ್ಕ! ಒತ್ತಿದ ತಾರೀಖು ಮಾತ್ರ ಸವೆದುಹೋಗಿದೆ. ಟಾರ್ಚ್ ಓರೆಯಾಗಿ ಹಿಡಿದರೂ ಕಾಣಲಿಲ್ಲ. ಓದುವ ಉಪಾಯ ಗೊತ್ತಿದ್ದರೆ ಹೇಳಿ. 1980ಕ್ಕಿಂತ ಹಿಂದಿನ ಫೋಟೊ, ಪಾಸು ಇದ್ದರೂ ಕಳಿಸಿ. ಮಸುಕಾಗಿದ್ದರೂ ಪರವಾಗಿಲ್ಲ. ಹಿರಿಯರು ಮಾತಾಡಲು ಒಪ್ಪಿದರೆ ಭಾನುವಾರ ನಾನೇ ಮನೆಗೆ ಬರುತ್ತೇನೆ.